ಗಣಕಯಂತ್ರದ ಗುಟ್ಟನ್ನು ಕಾಯುವುದೇಕೆ?

ಕಂಪ್ಯೂಟರೆಂಬ ಗಣಕಯಂತ್ರವು ಈಗ ಬ್ಯಾಂಕು, ಆಸ್ಪತ್ರೆ, ಅಂಚೆಕಚೇರಿಗಳಲ್ಲಿ ಮಾತ್ರವಲ್ಲದೆ ನಮ್ಮ ವಿದ್ಯಾರ್ಥಿನಿಯರ ಮನೆಗಳಲ್ಲಿಯೂ ಸಾಮಾನ್ಯ ಸಾಧನವಾಗಿದೆ. ಅದನ್ನು ಉಪಯೋಗಿಸುವ ಕ್ರಮವನ್ನು ಹುಡುಗಿಯರು ಬೇಗನೆ ಕಲಿಯುತ್ತಾರೆ. ಆದರೆ ಅದನ್ನು ಮಾಡುವವರ ವ್ಯವಹಾರ ಎಂಥದೆಂಬುದನ್ನು ನಾವು ಪಾಠಶಾಲೆಯಲ್ಲಿ ಅಷ್ಟಾಗಿ ವಿಚಾರಿಸುವುದಿಲ್ಲ. ನಮ್ಮ ಶಾಲೆಯ ಕಂಪ್ಯೂಟರು ಕೊಠಡಿಯಲ್ಲಿ ಎರಡು ತರದ ಯಂತ್ರಗಳಿವೆ. ಒಂದು ತರದ್ದು ಕೆಟ್ಟರೆ ಪೇಟೆಯ ಯಾವ ರಿಪೇರಿಯವನಾದರೂ ಹೊಸ ಭಾಗವನ್ನು ತಂದು ಅಂದೇ ಸರಿಮಾಡಿಕೊಡುತ್ತಾನೆ. ಇನ್ನೊಂದು ತರದ್ದು ಕೆಟ್ಟರೆ, “ಇದರ ಭಾಗ ಕಂಪೆನಿಯಲ್ಲಿ ಮಾತ್ರ ಸಿಗುವುದು; ಇದರ ನಕ್ಷೆಯನ್ನು ನಮಗೆ ಯಾರೂ ಕೊಡರು” ಎಂದು ಅವನೇ ಕೈಚೆಲ್ಲುತ್ತಾನೆ. ಒಂಬತ್ತನೆಯ ತರಗತಿಯ ಹುಡುಗಿಯರು ಇದನ್ನು ಗಮನಿಸಿ, ಒಳ್ಳೆಯ ವಸ್ತುವನ್ನು ಮಾಡಿದವರು ಅದನ್ನು ಮಾಡುವ ಬಗೆಯನ್ನು ಯಾಕೆ ಬಚ್ಚಿಡಬೇಕೆಂದು ಕೇಳಿದರು. ಪ್ರಶ್ನೆಯು ಚಿಕ್ಕದು, ಉತ್ತರವು ಹಾಗಲ್ಲ. ಈ ಸಂಚಿಕೆಯನ್ನು ಓದುವ ತಾಯಿತಂದೆಗಳಿಗೂ ಹಳೆಯ ವಿದ್ಯಾರ್ಥಿನಿಯರಿಗೂ ಇದು ಪ್ರಯೋಜನಕರವಾದೀತೆಂದೆಣಿಸಿ, ತರಗತಿಯಲ್ಲಿ ಹೇಳಿದ್ದನ್ನೂ ಹೇಳಲು ಸಮಯ ಸಾಲದೆ ಉಳಿದದ್ದನ್ನೂ ಇಲ್ಲಿ ಕ್ರಮವಾಗಿ ಬರೆಯುತ್ತೇವೆ.

೧. ಮೊದಲ ಯಂತ್ರದ ವೆಚ್ಚ

ಯಾವ ಯಂತ್ರಕ್ಕಾದರೂ ಎರಡು ವಿಧವಾದ ವೆಚ್ಚಗಳುಂಟು. ಒಂದು, ಅದನ್ನು ಕಲ್ಪಿಸುವ ವೆಚ್ಚ. ಇನ್ನೊಂದು, ಅದನ್ನು ಕಟ್ಟುವ ವೆಚ್ಚ. ಕಲ್ಪಿಸುವುದೆಂದರೆ ನಕ್ಷೆ ಬರೆಯುವುದು, ಮಾದರಿಯನ್ನು ಮಾಡಿ ಪರೀಕ್ಷಿಸುವುದು, ತಪ್ಪು ಕಂಡಲ್ಲಿ ಕೆಡವಿ ಪುನಃ ಮಾಡುವುದು, ಈ ಕೆಲಸದಲ್ಲಿ ತೊಡಗಿರುವ ಇಂಜಿನಿಯರರಿಗೆ ತಿಂಗಳು ತಿಂಗಳೂ ಸಂಬಳ ಕೊಡುವುದು. ಕಟ್ಟುವುದೆಂದರೆ ಚಿಪ್‌ಗಳು, ತಂತಿ, ಪೆಟ್ಟಿಗೆ ಮತ್ತು ಕೂಲಿ. ಕಟ್ಟುವ ವೆಚ್ಚವು ಪ್ರತಿಯೊಂದು ಯಂತ್ರಕ್ಕೂ ಬರುತ್ತದೆ. ಕಲ್ಪಿಸುವ ವೆಚ್ಚವಾದರೋ ಒಂದೇ ಸಾರಿ ಬರುತ್ತದೆ. ಅದೂ ಒಂದು ಯಂತ್ರವಾದರೂ ಮಾರಾಟವಾಗುವುದಕ್ಕೆ ಮುಂಚೆಯೇ.

ಒಂದು ಲೆಕ್ಕವನ್ನು ಹಾಕಿ ನೋಡೋಣ. ಒಂದು ಕಂಪೆನಿಯು ಹೊಸ ಯಂತ್ರವನ್ನು ಕಲ್ಪಿಸಲು ೧೦ ಕೋಟಿ ರೂಪಾಯಿ ಖರ್ಚು ಮಾಡಿತೆಂದೂ, ಪ್ರತಿ ಯಂತ್ರವನ್ನು ಕಟ್ಟಲು ೨೦,೦೦೦ ರೂಪಾಯಿ ಬೀಳುವುದೆಂದೂ ಭಾವಿಸಿರಿ. ಒಂದು ಲಕ್ಷ ಯಂತ್ರಗಳು ಮಾರಾಟವಾದರೆ ಆ ೧೦ ಕೋಟಿಯ ಪಾಲು ಯಂತ್ರವೊಂದಕ್ಕೆ ೧,೦೦೦ ರೂಪಾಯಿ. ೨೧,೦೦೦ಕ್ಕೆ ಮಾರಿದರೆ ಲಾಭವಿಲ್ಲದಿದ್ದರೂ ನಷ್ಟವಿಲ್ಲ. ಇಷ್ಟರಲ್ಲಿ ಬೇರೊಬ್ಬನು ಆ ನಕ್ಷೆಯನ್ನು ನಕಲು ಮಾಡಿ ಅಂಥದೇ ಯಂತ್ರವನ್ನು ೨೦,೫೦೦ಕ್ಕೆ ಮಾರತೊಡಗಿದನೆನ್ನಿರಿ. ಅವನು ಕಲ್ಪಿಸುವುದಕ್ಕೆ ಏನೂ ಖರ್ಚು ಮಾಡದ್ದರಿಂದ ಯಂತ್ರಕ್ಕೆ ೫೦೦ ರೂಪಾಯಿ ಲಾಭವೇ ಆಗುವುದು. ಗಿರಾಕಿಗಳು ಅತ್ತ ಹೋಗಿ ಮೊದಲಿನವನಲ್ಲಿ ೧೦,೦೦೦ ಯಂತ್ರಗಳು ಮಾತ್ರ ಮಾರಾಟವಾದರೆ ಪ್ರತಿಯೊಂದರ ಮೇಲೆ ಬೀಳುವ ಪಾಲು ೧,೦೦೦ವಲ್ಲ, ೧೦,೦೦೦ ರೂಪಾಯಿ. ಅವನು ೩೦,೦೦೦ಕ್ಕೆ ಮಾರಿದರೆ ಮಾತ್ರ ಅಸಲು ಕೈಸೇರುವುದು. ಆ ಬೆಲೆಗೆ ಕೊಳ್ಳುವವರಿಲ್ಲ. ಹೀಗೆ ಶ್ರಮಪಟ್ಟವನು ಅಂಗಡಿ ಮುಚ್ಚುವನು, ನಕಲು ಮಾಡಿದವನು ಉಳಿಯುವನು. ತರುವಾಯ ಹೊಸ ಯಂತ್ರವನ್ನು ಕಲ್ಪಿಸಲು ಯಾರು ಮುಂದೆ ಬಂದಾರು?

ಒಂದು ಯಂತ್ರದಂತೆಯೇ ಕೆಲಸ ಮಾಡುವಂತೆ ಬೇರೆಯವರು ಮಾಡಿದ ಯಂತ್ರಕ್ಕೆ ಕ್ಲೋನ್, ಅಂದರೆ ತದ್ರೂಪಿ ಎಂದು ಹೆಸರು. ತದ್ರೂಪಿಗಳ ಭಯವೇ ನಕ್ಷೆಯನ್ನು ಬಚ್ಚಿಡುವುದಕ್ಕೆ ಮೊದಲನೆಯ ಕಾರಣ.

೨. ಕಾವಲಿನ ನಾಲ್ಕು ಬಗೆಗಳು

ಮಾಡಿದವರು ತಮ್ಮ ಯಂತ್ರವನ್ನು ನಾಲ್ಕು ಬಗೆಯಿಂದ ಕಾಯುತ್ತಾರೆ. ಮೊದಲನೆಯದು ಬರಿಯ ಗುಟ್ಟು. ನಕ್ಷೆಯನ್ನು ಹೊರಗೆ ಬಿಡದೆ, ಕೆಲಸಗಾರರಿಂದ ಹೇಳುವುದಿಲ್ಲವೆಂಬ ಒಡಂಬಡಿಕೆಯನ್ನು ಬರೆಸಿಕೊಳ್ಳುವರು. ಇದಕ್ಕೆ ಕಾಲಮಿತಿಯಿಲ್ಲ, ಆದರೆ ಬೇರೊಬ್ಬನು ಯಂತ್ರವನ್ನು ಬಿಚ್ಚಿ ತನ್ನ ಬುದ್ಧಿಯಿಂದಲೇ ಕಂಡುಹಿಡಿದರೆ ಗುಟ್ಟು ಅಲ್ಲಿಗೆ ಮುಗಿಯಿತು.

ಎರಡನೆಯದು ಪೇಟೆಂಟು. ಇಲ್ಲಿ ಬಗೆಯನ್ನು ಸರಕಾರದ ಮುಂದೆ ಬಿಚ್ಚಿ ಬರೆದುಕೊಡಬೇಕು. ಅದಕ್ಕೆ ಪ್ರತಿಯಾಗಿ ನಮ್ಮ ದೇಶದಲ್ಲಿ ೨೦ ವರ್ಷಗಳವರೆಗೆ ಅವನ ಒಪ್ಪಿಗೆಯಿಲ್ಲದೆ ಬೇರೆ ಯಾರೂ ಅದನ್ನು ಮಾಡಿ ಮಾರಕೂಡದು. ಮೂರನೆಯದು ಬರವಣಿಗೆಗೆ ಸಂಬಂಧಿಸಿದ ಕೃತಿಸ್ವಾಮ್ಯ. ಯಂತ್ರವನ್ನು ನಡಿಸುವ ಆಜ್ಞೆಗಳ ಬರಹಕ್ಕೆ, ಅಂದರೆ ಪ್ರೋಗ್ರಾಮಿಗೆ, ಪುಸ್ತಕಕ್ಕಿರುವಂಥ ರಕ್ಷಣೆಯು ಭಾರತದಲ್ಲಿ ೧೯೮೪ರ ತಿದ್ದುಪಡಿಯಿಂದ ಸ್ಪಷ್ಟವಾಗಿ ದೊರೆಯಿತು. ಚಿಪ್ಪಿನೊಳಗಣ ರಚನೆಗೆಂದೇ ೨೦೦೦ದಲ್ಲಿ ಬೇರೊಂದು ಶಾಸನವಾಗಿ, ೧೦ ವರ್ಷಗಳ ರಕ್ಷಣೆಯನ್ನು ಕೊಟ್ಟಿತು.

ನಾಲ್ಕನೆಯದು ಬೇರೆಲ್ಲಿಯೂ ಸಿಗದ ಭಾಗವನ್ನು ಯಂತ್ರದೊಳಗೆ ಇಡುವುದು. ಎಲ್ಲಾ ಭಾಗಗಳೂ ಪೇಟೆಯಲ್ಲಿ ದೊರೆಯುವಂಥವುಗಳಾದರೆ ಯಾರಾದರೂ ಅವುಗಳನ್ನು ತಂದು ಜೋಡಿಸಬಹುದು. ತನಗಾಗಿಯೇ ಮಾಡಿಸಿದ ಒಂದು ಚಿಪ್ಪನ್ನು ನಡುವೆ ಇಟ್ಟರೆ ನಕಲುಗಾರನ ಕೈ ಅಲ್ಲಿಯೇ ನಿಲ್ಲುತ್ತದೆ. ನಮ್ಮ ಊರಿನ ರಿಪೇರಿಯವನ ಕೈಯೂ ಅಲ್ಲಿಯೇ ನಿಲ್ಲುತ್ತದೆ.

ಈ ಕಾವಲುಗಳು ಲೋಕದಲ್ಲಿ ಹೇಗೆ ನಡೆದವೆಂಬುದನ್ನು ಅಮೇರಿಕಾ ದೇಶದ ಎರಡು ಕಂಪೆನಿಗಳ ಚರಿತ್ರೆಯಿಂದ ಚೆನ್ನಾಗಿ ತಿಳಿಯಬಹುದು.

೩. ಆ್ಯಪಲ್ ಕಂಪೆನಿಯ ವ್ಯಾಜ್ಯ

ಆ್ಯಪಲ್ ಕಂಪೆನಿಯು ೧೯೭೭ರಲ್ಲಿ ಆ್ಯಪಲ್ ೨ ಎಂಬ ಯಂತ್ರವನ್ನು ಮಾರಾಟಕ್ಕೆ ತಂದಿತು. ಅದು ಮನೆಗಳಲ್ಲಿಯೂ ಶಾಲೆಗಳಲ್ಲಿಯೂ ಬಹಳ ಪ್ರಚಾರಕ್ಕೆ ಬಂತು. ೧೯೮೨ರಲ್ಲಿ ಫ್ರ್ಯಾಂಕ್ಲಿನ್ ಎಂಬ ಕಂಪೆನಿಯು ಏಸ್ ಎಂಬ ತದ್ರೂಪಿಯನ್ನು ಹೊರಡಿಸಿತು. ಆ್ಯಪಲ್ ಯಂತ್ರಕ್ಕೆಂದು ಬರೆದ ಪ್ರೋಗ್ರಾಮುಗಳು ಅದರಲ್ಲಿಯೂ ನಡೆಯುತ್ತಿದ್ದವು. ಯಾಕಂದರೆ ಆ್ಯಪಲ್ಲಿನ ೧೪ ಪ್ರೋಗ್ರಾಮುಗಳನ್ನು ಫ್ರ್ಯಾಂಕ್ಲಿನ್ನವರು ಅಕ್ಷರಶಃ ಇಳಿಸಿಕೊಂಡಿದ್ದರು. ಆ ಬರಹದೊಳಗೆ ಆ್ಯಪಲ್ಲಿನ ಪ್ರೋಗ್ರಾಮುಕಾರನೊಬ್ಬನ ಹೆಸರು ಕೂಡ ಹಾಗೆಯೇ ಉಳಿದಿತ್ತು. ಪರೀಕ್ಷೆಯಲ್ಲಿ ನೆರೆಯವಳ ಉತ್ತರವನ್ನು ನೋಡಿ ಬರೆಯುವವಳು ಆಕೆಯ ನಂಬರನ್ನೂ ಸೇರಿಸಿ ಬರೆದಂತಾಯಿತು.

ನಕಲು ಮಾಡಲಿಲ್ಲವೆಂದು ಫ್ರ್ಯಾಂಕ್ಲಿನ್ನವರು ವಾದಿಸಲಿಲ್ಲ. ಅವರ ವಾದವೇ ಬೇರೆ. ಚಿಪ್ಪಿನಲ್ಲಿ ಅಡಗಿರುವ ಪ್ರೋಗ್ರಾಮನ್ನು ಮನುಷ್ಯರು ಓದುವುದಿಲ್ಲ. ಅದು ಯಂತ್ರದ ಒಂದು ಭಾಗವೇ ಹೊರತು ಬರಹವಲ್ಲ. ಆದುದರಿಂದ ಅದಕ್ಕೆ ಪುಸ್ತಕದ ರಕ್ಷಣೆ ಸಲ್ಲದೆಂದು ಹೇಳಿದರು. ಕೆಳಗಿನ ನ್ಯಾಯಸ್ಥಾನವು ೧೯೮೨ರಲ್ಲಿ ಆ್ಯಪಲ್ ಬೇಡಿದ ತಡೆಯಾಜ್ಞೆಯನ್ನು ಕೊಡಲಿಲ್ಲ. ಅಪೀಲು ನ್ಯಾಯಸ್ಥಾನವು ೧೯೮೩ರ ಆಗಸ್ಟ್ ೩೦ರಂದು ಆ ತೀರ್ಪನ್ನು ತಿರುಗಿಸಿ, ಚಿಪ್ಪಿನಲ್ಲಿರುವ ಪ್ರೋಗ್ರಾಮು ಸಹ ಬರಹವೇ ಎಂದು ನಿರ್ಣಯಿಸಿತು. ೧೯೮೪ರಲ್ಲಿ ಫ್ರ್ಯಾಂಕ್ಲಿನ್ ಕಂಪೆನಿಯು ೨೫ ಲಕ್ಷ ಡಾಲರು ಕೊಟ್ಟು ರಾಜಿಮಾಡಿಕೊಂಡಿತು. ಅಂದಿನಿಂದ ಯಂತ್ರ ಮಾಡುವವರಿಗೆ ಒಂದು ವಿಷಯ ನಿಶ್ಚಯವಾಯಿತು. ಹೇಗೆಂದರೆ, ಪೆಟ್ಟಿಗೆಯನ್ನು ನಕಲು ಮಾಡುವುದು ಸುಲಭವಾದರೂ ಅದರೊಳಗಿನ ಬರಹವು ಭದ್ರವಾದ ಬೀಗವಾಗಬಲ್ಲದು.

೪. ಐಬಿಎಂ ಯಂತ್ರವೂ ಸಾರಿನ ಪುಡಿಯೂ

ಐಬಿಎಂ ಆಗ ಕಂಪ್ಯೂಟರು ಕಂಪೆನಿಗಳಲ್ಲೆಲ್ಲಾ ದೊಡ್ಡದು. ಅದು ೧೯೮೧ರ ಆಗಸ್ಟ್ ೧೨ರಂದು ಪಿಸಿ ಎಂಬ ಚಿಕ್ಕ ಯಂತ್ರವನ್ನು ಪ್ರಕಟಿಸಿತು. ಸುಮಾರು ಒಂದೇ ವರ್ಷದಲ್ಲಿ ಅದನ್ನು ಸಿದ್ಧಪಡಿಸಬೇಕಾಗಿದ್ದುದರಿಂದ ಭಾಗಗಳನ್ನು ತಾವೇ ಮಾಡದೆ ಹೊರಗಿನವರಿಂದ ಕೊಂಡರು. ಮುಖ್ಯವಾದ ಚಿಪ್ಪು ಇಂಟೆಲ್ ಕಂಪೆನಿಯದು. ನಡಿಸುವ ಪ್ರೋಗ್ರಾಮು ಮೈಕ್ರೋಸಾಫ್ಟ್ ಕಂಪೆನಿಯದು. ಇದಲ್ಲದೆ, ಇತರರು ಈ ಯಂತ್ರಕ್ಕೆ ಸಲಕರಣೆಗಳನ್ನೂ ಪ್ರೋಗ್ರಾಮುಗಳನ್ನೂ ಮಾಡಲೆಂದು ಅದರ ನಕ್ಷೆಗಳನ್ನು ಪುಸ್ತಕವಾಗಿ ಅಚ್ಚುಹಾಕಿಸಿ ಮಾರಿದರು.

ಹಾಗಾದರೆ ಐಬಿಎಂ ಕಾಯ್ದುಕೊಂಡದ್ದೇನು? ಬಯೋಸ್ ಎಂಬ ಒಂದು ಚಿಕ್ಕ ಪ್ರೋಗ್ರಾಮು. ಅದು ಯಂತ್ರವನ್ನು ಎಚ್ಚರಿಸಿ, ಭಾಗಗಳು ಒಂದಕ್ಕೊಂದು ಹೇಗೆ ಮಾತಾಡಬೇಕೆಂಬುದನ್ನು ತಿಳಿಸುತ್ತದೆ. ನಮ್ಮ ಗೃಹಿಣಿಯರಿಗೆ ಇದನ್ನು ವಿವರಿಸುವುದು ಕಷ್ಟವಲ್ಲ. ಸಾರಿನ ಪುಡಿಗೆ ಕೊತ್ತಂಬರಿ, ಜೀರಿಗೆ, ಮೆಣಸು, ಮೆಂತ್ಯ ಬೇಕೆಂಬುದು ಯಾರಿಗೆ ತಿಳಿಯದು? ಅವೆಲ್ಲವೂ ಅಂಗಡಿಯಲ್ಲಿ ಸಿಗುತ್ತವೆ. ಆದರೆ ಯಾವುದೆಷ್ಟು, ಯಾವುದನ್ನು ಎಷ್ಟು ಹುರಿಯಬೇಕೆಂಬ ಅಳತೆಯು ಅಜ್ಜಿಯ ಕೈಯಲ್ಲಿದೆ. ಐಬಿಎಂ ಯಂತ್ರದ ಸಾಮಾನೆಲ್ಲ ಪೇಟೆಯಲ್ಲಿತ್ತು, ಅಳತೆಯು ಬಯೋಸಿನಲ್ಲಿತ್ತು.

ವಿಚಿತ್ರವೇನಂದರೆ ಆ ಬಯೋಸನ್ನು ಸಹ ಐಬಿಎಂ ತನ್ನ ಪುಸ್ತಕದಲ್ಲಿ ಅಚ್ಚುಹಾಕಿಸಿತ್ತು. ಅದು ನಕಲುಗಾರನಿಗೆ ಸಹಾಯವಾಗದೆ ತೊಡಕೇ ಆಯಿತು. ಅದನ್ನು ಓದಿದವನು ಬಳಿಕ ಬರೆದದ್ದೆಲ್ಲ ನಕಲೆಂಬ ಸಂಶಯಕ್ಕೆ ಗುರಿಯಾಗುವನಲ್ಲವೆ? ನೇರವಾಗಿ ಇಳಿಸಿಕೊಂಡ ಕೆಲವು ಕಂಪೆನಿಗಳ ಮೇಲೆ ಐಬಿಎಂ ದಾವೆ ಹೂಡಲು, ಅವು ೧೯೮೪ರಲ್ಲಿ ಆ ಬರಹವನ್ನು ಬಿಟ್ಟುಬಿಡಲು ಒಪ್ಪಬೇಕಾಯಿತು.

ಟೆಕ್ಸಾಸ್ ಸಂಸ್ಥಾನದ ಹ್ಯೂಸ್ಟನ್ ನಗರದಲ್ಲಿ ೧೯೮೨ರಲ್ಲಿ ಮೂವರು ಸೇರಿ ಸ್ಥಾಪಿಸಿದ ಕಾಂಪ್ಯಾಕ್ ಕಂಪೆನಿಯು ಬೇರೊಂದು ದಾರಿಯನ್ನು ಹಿಡಿಯಿತು. ಈ ದಾರಿಯನ್ನು ನಮ್ಮ ವಿದ್ಯಾರ್ಥಿನಿಯರು ಲಕ್ಷ್ಯಕೊಟ್ಟು ತಿಳಿಯಬೇಕು. ಕೆಲಸಗಾರರನ್ನು ಎರಡು ಗುಂಪುಗಳನ್ನಾಗಿ ವಿಂಗಡಿಸುವರು. ಮೊದಲನೆಯ ಗುಂಪಿನವರು ಐಬಿಎಂ ಯಂತ್ರವನ್ನೂ ಅದರ ಬರಹವನ್ನೂ ಪರೀಕ್ಷಿಸಿ, ಇಂಥ ಆಜ್ಞೆ ಬಂದರೆ ಯಂತ್ರವು ಇಂಥ ಉತ್ತರ ಕೊಡುತ್ತದೆಂದು ಬರೆದಿಡುವರು. ಅದು ಹೇಗೆ ಬರೆಯಲ್ಪಟ್ಟಿದೆ ಎಂಬುದನ್ನು ಮಾತ್ರ ಹೇಳಕೂಡದು. ಎರಡನೆಯ ಗುಂಪಿನವರು ಐಬಿಎಂ ಬರಹವನ್ನು ಎಂದೂ ಕಂಡವರಾಗಿರಕೂಡದು. ಅವರು ಆ ಪಟ್ಟಿಯನ್ನು ಮಾತ್ರ ಇಟ್ಟುಕೊಂಡು, ತಮ್ಮ ಸ್ವಂತ ಬುದ್ಧಿಯಿಂದ ಹೊಸದಾಗಿ ಬರೆಯುವರು. ಫಲ ಒಂದೇ, ಬರಹ ಬೇರೆ. ಕೃತಿಸ್ವಾಮ್ಯವು ಬರಹವನ್ನು ಕಾಯುತ್ತದೆಯೇ ಹೊರತು ಅದರ ಹಿಂದಿರುವ ಆಲೋಚನೆಯನ್ನು ಕಾಯುವುದಿಲ್ಲವಾದ್ದರಿಂದ ಇದರಲ್ಲಿ ಅಪರಾಧವಿಲ್ಲ.

೧೯೮೨ರ ನವೆಂಬರಿನಲ್ಲಿ ಪ್ರಕಟವಾಗಿ ೧೯೮೩ರಲ್ಲಿ ಮಾರಾಟಕ್ಕೆ ಬಂದ ಕಾಂಪ್ಯಾಕ್ ಯಂತ್ರಗಳು ಮೊದಲ ವರ್ಷದಲ್ಲಿಯೇ ಸುಮಾರು ೫೩,೦೦೦ ಮಾರಿಹೋದವು. ೧೯೮೪ರಲ್ಲಿ ಫೀನಿಕ್ಸ್ ಎಂಬ ಕಂಪೆನಿಯು ಇದೇ ಕ್ರಮದಿಂದ ಬಯೋಸನ್ನು ಬರೆದು, ಕೇಳಿದವರಿಗೆಲ್ಲ ಮಾರತೊಡಗಿತು. ಆ ಮೇಲೆ ಐಬಿಎಂ ಪಿಸಿಯ ತದ್ರೂಪಿಯನ್ನು ಕಟ್ಟುವುದಕ್ಕೆ ಯಾವ ತಡೆಯೂ ಉಳಿಯಲಿಲ್ಲ. ಬೆಲೆಗಳು ಇಳಿದವು, ಲೋಕವೆಲ್ಲ ಒಂದೇ ಮಾದರಿಯ ಯಂತ್ರವನ್ನು ಹಿಡಿಯಿತು. ನಮ್ಮ ಶಾಲೆಯಲ್ಲಿ ಪೇಟೆಯ ಭಾಗಗಳಿಂದ ಸರಿಹೋಗುವ ಯಂತ್ರಗಳು ಆ ಪಿಸಿಯ ಸಂತತಿಯವೇ.

೫. ಬಾಗಿಲು ಮುಚ್ಚಿದಾಗಲೂ ತೆರೆದಾಗಲೂ

ಲೋಕಕ್ಕೆ ಲಾಭವಾಯಿತು; ಐಬಿಎಂಗೆ ಹಾಗಾಗಲಿಲ್ಲ. ಗಿರಾಕಿಗಳು ತದ್ರೂಪಿಗಳ ಕಡೆಗೆ ಹೋಗುವುದನ್ನು ಕಂಡು ಅದು ೧೯೮೭ರ ಏಪ್ರಿಲಿನಲ್ಲಿ ಪಿಎಸ್ ೨ ಎಂಬ ಹೊಸ ಯಂತ್ರಗಳನ್ನು ತಂದಿತು. ಅವುಗಳಲ್ಲಿ ದೊಡ್ಡವುಗಳೊಳಗೆ ಸಲಕರಣೆಗಳನ್ನು ಜೋಡಿಸುವ ಕ್ರಮವನ್ನೇ ಬದಲಿಸಿ, ಅದಕ್ಕೆ ಪೇಟೆಂಟುಗಳನ್ನು ಪಡೆದು, ಬಳಸುವವರು ಹಣ ತೆರಬೇಕೆಂದು ಸಾರಿತು. ಹೊಸ ಕ್ರಮವು ಹಳೆಯದಕ್ಕಿಂತ ಉತ್ತಮವಾದದ್ದೇ. ಆದರೆ ಹಳೆಯ ಪಿಸಿಯ ಸಲಕರಣೆಗಳು ಅದರಲ್ಲಿ ಕೂರುತ್ತಿರಲಿಲ್ಲ. ಕಾಂಪ್ಯಾಕ್ ಮೊದಲಾದ ಒಂಬತ್ತು ಕಂಪೆನಿಗಳು ೧೯೮೮ರಲ್ಲಿ ಒಟ್ಟುಗೂಡಿ, ಹಳೆಯ ಸಲಕರಣೆಗಳೂ ಕೂರುವಂಥ ಬೇರೊಂದು ಕ್ರಮವನ್ನು ಪ್ರಕಟಿಸಿದವು. ಐಬಿಎಂ ಕ್ರಮವನ್ನು ಅನುಸರಿಸಿದವರು ಸ್ವಲ್ಪ ಜನ. ಕಡೆಗೆ ಐಬಿಎಂ ತನ್ನ ಪಿಸಿ ವ್ಯಾಪಾರವನ್ನೇ ಚೀನಾ ದೇಶದ ಲೆನೋವೊ ಕಂಪೆನಿಗೆ ೨೦೦೫ರಲ್ಲಿ ಬಿಟ್ಟುಕೊಟ್ಟಿತು. ಎಲ್ಲರೂ ನಡೆದು ದಾರಿಯಾದ ಮೇಲೆ ಅದಕ್ಕೆ ಬೇಲಿ ಹಾಕಿದರೆ ಜನರು ಪಕ್ಕದಲ್ಲಿ ಬೇರೆ ದಾರಿ ಮಾಡಿಕೊಳ್ಳುವರು.

ಇದರಿಂದ, ತೆರೆದಿಡುವುದೇ ಯಾವಾಗಲೂ ಲೇಸೆಂದು ತೀರ್ಮಾನಿಸಬಹುದೋ? ಆ್ಯಪಲ್ ಕಂಪೆನಿಯ ಮುಂದಿನ ಚರಿತ್ರೆಯು ಹಾಗೆ ಹೇಳಗೊಡುವುದಿಲ್ಲ. ಅದು ೧೯೮೪ರಲ್ಲಿ ಹೊರಡಿಸಿದ ಮ್ಯಾಕಿಂಟಾಷ್ ಯಂತ್ರವನ್ನು ಹತ್ತು ವರ್ಷ ಭದ್ರವಾಗಿ ಕಾಯ್ದು, ವ್ಯಾಪಾರ ಕುಗ್ಗಿದಾಗ, ೧೯೯೫ರಿಂದ ಹಣ ತೆಗೆದುಕೊಂಡು ಬೇರೆಯವರಿಗೆ ತದ್ರೂಪಿಗಳನ್ನು ಮಾಡಲು ಒಪ್ಪಿಗೆ ಕೊಟ್ಟಿತು. ಹೊಸ ಗಿರಾಕಿಗಳು ಬರುವರೆಂಬುದು ಅವರ ನಿರೀಕ್ಷೆ. ಆದರೆ ತದ್ರೂಪಿಗಳನ್ನು ಕೊಂಡವರಲ್ಲಿ ಬಹುಮಂದಿ ಆ್ಯಪಲ್ಲಿನ ಹಳೆಯ ಗಿರಾಕಿಗಳೇ. ೧೯೯೭ರಲ್ಲಿ ಕಂಪೆನಿಗೆ ಹಿಂದಿರುಗಿದ ಸ್ಟೀವ್ ಜಾಬ್ಸ್ ಈ ಏರ್ಪಾಡನ್ನು ನಿಲ್ಲಿಸಿದರು. ತದ್ರೂಪಿಗಳನ್ನು ಮಾಡುತ್ತಿದ್ದ ಪವರ್ ಕಂಪ್ಯೂಟಿಂಗ್ ಕಂಪೆನಿಯ ಆ ವ್ಯಾಪಾರವನ್ನು ೧೦ ಕೋಟಿ ಡಾಲರು ಬೆಲೆಯ ಷೇರುಗಳನ್ನು ಕೊಟ್ಟು ಕೊಂಡರು. ಮುಚ್ಚಿದ ಯಂತ್ರಗಳಿಂದಲೇ ಆ ಕಂಪೆನಿಯು ಪುನಃ ಏಳಿಗೆಗೆ ಬಂದಿತು.

ಒಂದೇ ಕ್ರಮವು ಒಬ್ಬರಿಗೆ ನಷ್ಟವನ್ನೂ ಒಬ್ಬರಿಗೆ ಲಾಭವನ್ನೂ ತರುವುದೇಕೆ? ಯಾರ ಜೀವನ ಯಾವುದರಿಂದ ನಡೆಯುತ್ತದೆಂಬುದನ್ನು ನೋಡಿದರೆ ಇದು ತಿಳಿಯುವುದು. ಐಬಿಎಂ ಪಿಸಿಗೆ ಪ್ರೋಗ್ರಾಮು ಬರೆದ ಮೈಕ್ರೋಸಾಫ್ಟ್ ಕಂಪೆನಿಯು ಅದನ್ನು ಇತರರಿಗೂ ಮಾರುವ ಹಕ್ಕನ್ನು ಉಳಿಸಿಕೊಂಡಿತ್ತು. ತದ್ರೂಪಿಗಳು ಹೆಚ್ಚಿದಷ್ಟೂ ಅದಕ್ಕೆ ಹಣ. ಪೆಟ್ಟಿಗೆಯನ್ನೇ ಮಾರಿ ಬದುಕುವವನಿಗಾದರೋ ಪ್ರತಿಯೊಂದು ತದ್ರೂಪಿಯೂ ಕಳೆದುಕೊಂಡ ಒಂದು ಗಿರಾಕಿಯೇ. ಆದುದರಿಂದ ಒಬ್ಬ ವರ್ತಕನು ಔದಾರ್ಯದ ಮಾತಾಡಿದರೂ ಭದ್ರತೆಯ ಮಾತಾಡಿದರೂ, ಅವನ ಗಳಿಕೆಯ ಮೂಲವನ್ನು ಮೊದಲು ವಿಚಾರಿಸುವುದು ಒಳ್ಳೆಯದು.

೬. ಕೊಳ್ಳುವವರೂ ಕೆಲಸ ಮಾಡುವವರೂ

ಕೊಳ್ಳುವವರಾದ ತಾಯಿತಂದೆಗಳಿಗೆ ಇದರಿಂದ ಒಂದು ಬುದ್ಧಿವಾದವುಂಟು. ಮುಚ್ಚಿದ ಯಂತ್ರದಲ್ಲಿ ಭಾಗಗಳೆಲ್ಲ ಒಬ್ಬರ ಕೈಯಿಂದಲೇ ಬಂದವುಗಳಾದುದರಿಂದ ಅವು ಚೆನ್ನಾಗಿ ಹೊಂದಿಕೊಳ್ಳಬಹುದು. ಆದರೆ ಕೆಟ್ಟಾಗ ಆ ಒಬ್ಬರ ಬಾಗಿಲಿಗೇ ಹೋಗಬೇಕು. ಅವರು ಹೇಳಿದ್ದೇ ಬೆಲೆ. ಯಂತ್ರದ ಬೆಲೆಯನ್ನು ಕೇಳುವಾಗ ಅದರ ಭಾಗದ ಬೆಲೆಯನ್ನೂ, ಅದು ಎಷ್ಟು ದೂರದಲ್ಲಿ ಸಿಗುವುದೆಂಬುದನ್ನೂ ಕೇಳಿರಿ.

ಇನ್ನು, ನಮ್ಮ ಹಳೆಯ ವಿದ್ಯಾರ್ಥಿನಿಯರಲ್ಲಿ ಕೆಲವರು ಬೆಂಗಳೂರಿನಲ್ಲಿ ಚಿಪ್‌ಗಳ ವಿನ್ಯಾಸದ ಉದ್ಯೋಗದಲ್ಲಿದ್ದಾರೆ. ಅವರ ತಾಯಂದಿರು ನಮ್ಮನ್ನು ಕಂಡಾಗ, “ಹುಡುಗಿಯು ಏನು ಕೆಲಸ ಮಾಡುತ್ತಾಳೆಂದು ಕೇಳಿದರೆ ಬಾಯಿ ಬಿಡುವುದಿಲ್ಲ, ಮನೆಯವರಲ್ಲಿಯೂ ಮುಚ್ಚುಮರೆಯೆ?” ಎಂದು ನೊಂದು ಹೇಳುವುದುಂಟು. ಆ ತಾಯಂದಿರು ಸಮಾಧಾನಪಡಬೇಕು. ಮಗಳು ಮಾತು ಕೊಟ್ಟು ರುಜು ಹಾಕಿದ್ದಾಳೆ. ನೂರಾರು ಜನರ ಶ್ರಮವು ಅವಳ ಬಾಯಿಯ ಕಾವಲಿನಲ್ಲಿದೆ. ಅವಳ ಮೌನವು ಪ್ರೀತಿಯ ಕೊರತೆಯಲ್ಲ, ನಂಬಿಗಸ್ತಿಕೆ.

ಆ ಹೆಣ್ಣುಮಕ್ಕಳಿಗೆ ನಾವು ಹೇಳುವುದೇನಂದರೆ, ಒಂದು ಉದ್ಯೋಗವನ್ನು ಬಿಟ್ಟು ಇನ್ನೊಂದಕ್ಕೆ ಹೋಗುವಾಗ ಹಳೆಯ ಕಂಪೆನಿಯ ಒಂದು ನಕ್ಷೆಯನ್ನೂ ಕೊಂಡೊಯ್ಯಬೇಡಿರಿ. ಆದರೆ ಅಲ್ಲಿ ಪಡೆದ ಕೈಕುಶಲತೆಯೂ ವಿವೇಚನೆಯೂ ನಿಮ್ಮವೇ. ಅವುಗಳನ್ನು ಅಲ್ಲಿಯೇ ಬಿಟ್ಟುಬರಬೇಕೆಂದು ಹೆದರುವ ಕಾರಣವಿಲ್ಲ. ಗಿರಾಕಿಗಳಿಗೆ ಅಪಾಯವಾಗುವ ದೋಷವನ್ನು ಗುಟ್ಟೆಂಬ ಹೆಸರಿನಿಂದ ಮುಚ್ಚುವುದು ಮಾತ್ರ ನಂಬಿಗಸ್ತಿಕೆಯಾಗದು.

೭. ತೆರೆದ ನಕ್ಷೆಯ ಪ್ರಯತ್ನಗಳು

ನಕ್ಷೆಯನ್ನು ಎಲ್ಲರಿಗೂ ತೆರೆದಿಡುವ ಪ್ರಯತ್ನವು ನಮ್ಮ ನಾಡಿನಲ್ಲಿಯೂ ನಡೆದಿದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಅಧ್ಯಾಪಕರೂ ಎನ್‌ಕೋರ್ ಎಂಬ ಕಂಪೆನಿಯ ಇಂಜಿನಿಯರರೂ ಸೇರಿ, ಬಡವರಿಗೂ ಓದುಬಾರದವರಿಗೂ ಉಪಯೋಗವಾಗಲೆಂದು ಸಿಂಪ್ಯೂಟರ್ ಎಂಬ ಕೈಯಲ್ಲಿ ಹಿಡಿಯುವ ಯಂತ್ರವನ್ನು ಕಲ್ಪಿಸಿ, ೨೦೦೧ರಲ್ಲಿ ಜನರ ಮುಂದಿಟ್ಟರು. ಅದು ಕನ್ನಡವೇ ಮೊದಲಾದ ನಮ್ಮ ಭಾಷೆಗಳಲ್ಲಿ ಕೆಲಸ ಮಾಡುವಂತೆ ರಚಿತವಾಗಿತ್ತು. ಅದರ ಹಾರ್ಡ್‌ವೇರಿನ ನಕ್ಷೆಗೆಂದೇ ಒಂದು ಸಾರ್ವಜನಿಕ ಪರವಾನಿಗಿಯನ್ನು ಬರೆದರು. ನಕ್ಷೆಯನ್ನು ಯಾರೂ ನೋಡಬಹುದು. ಮಾಡಿ ಮಾರುವವರು ನಿಗದಿಯಾದ ಶುಲ್ಕವನ್ನು ಕೊಡಬೇಕು. ಅದನ್ನು ಉತ್ತಮಪಡಿಸಿದವರು ಸ್ವಲ್ಪ ಕಾಲ ಅದರ ಲಾಭವನ್ನು ಪಡೆದು, ಬಳಿಕ ಆ ಸುಧಾರಣೆಯನ್ನು ಎಲ್ಲರಿಗಾಗಿ ಒಪ್ಪಿಸಬೇಕು. ಶ್ರಮಪಟ್ಟವನಿಗೆ ಕೂಲಿಯೂ ಸಿಗಬೇಕು, ವಿದ್ಯೆಯೂ ಬಚ್ಚಿಡಲ್ಪಡಬಾರದೆಂಬುದೇ ಇದರ ತಾತ್ಪರ್ಯ. ೨೦೦೪ರಲ್ಲಿ ಭಾರತ್ ಎಲೆಕ್ಟ್ರಾನಿಕ್ಸ್ ಕಾರ್ಖಾನೆಯಲ್ಲಿ ತಯಾರಾಗಿ ಅಮಿಡಾ ಎಂಬ ಹೆಸರಿನಿಂದ ಅದು ಮಾರುಕಟ್ಟೆಗೆ ಬಂದರೂ ಎಣಿಸಿದಷ್ಟು ಮಾರಾಟವಾಗಲಿಲ್ಲ. ನಕ್ಷೆಯನ್ನು ತೆರೆದಿಟ್ಟ ಮಾತ್ರಕ್ಕೆ ಕೊಳ್ಳುವವರು ಬರುವುದಿಲ್ಲವೆಂಬುದನ್ನೂ ನಾವು ಇದರಿಂದ ಕಲಿಯಬೇಕು.

ಆದರೂ ಆ ಆಲೋಚನೆಯು ಸಾಯಲಿಲ್ಲ. ಅಮೇರಿಕೆಯ ಬರ್ಕ್ಲಿ ವಿಶ್ವವಿದ್ಯಾನಿಲಯದಲ್ಲಿ ೨೦೧೦ರಲ್ಲಿ ರಿಸ್ಕ್ ಫೈವ್ ಎಂಬ ಕ್ರಮವು ಆರಂಭವಾಯಿತು. ಚಿಪ್ಪು ಯಾವ ಯಾವ ಆಜ್ಞೆಗಳನ್ನು ಪಾಲಿಸಬೇಕೆಂಬ ಪಟ್ಟಿಯು ಅಲ್ಲಿ ಎಲ್ಲರಿಗೂ ಉಚಿತ. ಮದ್ರಾಸಿನ ಐಐಟಿಯವರು ಅದನ್ನೇ ಆಧರಿಸಿ ಶಕ್ತಿ ಎಂಬ ಚಿಪ್‌ಗಳನ್ನು ವಿನ್ಯಾಸಗೊಳಿಸಿ, ಅವುಗಳ ವಿನ್ಯಾಸವನ್ನು ಸಹ ಪ್ರಕಟಿಸಿದ್ದಾರೆ. ಭಾಷೆಯು ಎಲ್ಲರದು, ಅದರಲ್ಲಿ ಬರೆದ ಗ್ರಂಥವು ಬರೆದವರದು ಎಂಬಂತೆ, ಈ ಪಟ್ಟಿಯನ್ನು ಬಳಸಿದವರು ತಮ್ಮ ವಿನ್ಯಾಸವನ್ನು ತೆರೆದಿಡಲೂಬಹುದು, ಕಾಯ್ದುಕೊಳ್ಳಲೂಬಹುದು.

ಹೀಗೆ ನೋಡಿದರೆ, ತನ್ನ ಶ್ರಮದ ಫಲವು ಕೈಸೇರುವವರೆಗೆ ಕಾವಲಿಡುವುದು ನ್ಯಾಯ. ನೆರೆಯವರು ತಮ್ಮ ಬುದ್ಧಿಯಿಂದ ಕಲಿತು ಮಾಡುವುದನ್ನೂ ತಡೆಯಹೊರಟರೆ ಅದು ನ್ಯಾಯವಲ್ಲ, ಬಹುಕಾಲ ನಿಲ್ಲುವುದೂ ಕಷ್ಟ. ನಮ್ಮ ಹುಡುಗಿಯರು ಬರಿಯ ಕೊಳ್ಳುವವರಾಗಿ ಉಳಿಯದೆ ಮಾಡುವವರಾಗಬೇಕೆಂಬುದು ನಮ್ಮ ಆಶೆ. ಆ ದಿನ ಬಂದಾಗ ತಮ್ಮ ನಕ್ಷೆಯಲ್ಲಿ ಯಾವುದನ್ನು ಕಾಯಬೇಕು, ಯಾವುದನ್ನು ಕೊಡಬೇಕು ಎಂಬ ಪ್ರಶ್ನೆಯು ಅವರ ಮುಂದೆಯೇ ಬರುವುದು. ಅದಕ್ಕೆ ಈಗಲೇ ಅಭ್ಯಾಸವಾಗಲೆಂದು ಮನೆಯಲ್ಲಿ ಮಕ್ಕಳೊಡನೆ ವಿಚಾರಿಸಲು ಮೂರು ಪ್ರಶ್ನೆಗಳನ್ನು ಕೊಟ್ಟು ಪಾಠವನ್ನು ಮುಗಿಸುತ್ತೇವೆ.

ಒಂದು: ಫ್ರ್ಯಾಂಕ್ಲಿನ್ ಕಂಪೆನಿಯ ಕೆಲಸಕ್ಕೂ ಕಾಂಪ್ಯಾಕ್ ಕಂಪೆನಿಯ ಕೆಲಸಕ್ಕೂ ಏನು ಭೇದ? ಅದೇ ಭೇದವನ್ನು ನಿಮ್ಮ ತರಗತಿಯ ಅಭ್ಯಾಸದಲ್ಲಿ ತೋರಿಸಿರಿ.

ಎರಡು: ನಿಮ್ಮ ಮನೆಯಲ್ಲಿರುವ ಯಂತ್ರಗಳಲ್ಲಿ ಯಾವುದನ್ನು ಊರಿನಲ್ಲಿಯೇ ಸರಿಮಾಡಿಸಬಹುದು, ಯಾವುದನ್ನು ಮಾಡಿದವರ ಬಳಿಗೇ ಕಳುಹಿಸಬೇಕು? ಕಾರಣವೇನು?

ಮೂರು: ನೀವು ಎರಡು ವರ್ಷ ಶ್ರಮಪಟ್ಟು ಒಂದು ಹೊಸ ಯಂತ್ರವನ್ನು ಕಲ್ಪಿಸಿದಿರೆನ್ನಿರಿ. ಅದರ ನಕ್ಷೆಯನ್ನು ಯಾರಿಗೆ, ಯಾವಾಗ, ಯಾವ ಕರಾರಿನ ಮೇಲೆ ಕೊಡುವಿರಿ?